ಅಣ್ಣ ತಂದ ಶಾರ್ಕ್ ಹಲ್ಲುಗಳು

ಅಣ್ಣ ಕೆಲಸ ಬಿಟ್ಟು ಊರಿಗೆ ಬಂದಾಗ ನಾನು ತವರಿಗೆ ಮರಳಿ ವರ್ಷದ ಮೇಲಾಗಿತ್ತು. ನನ್ನನ್ನು ಕೊಟ್ಟಿದ್ದು ಕಿರುಗಾವಲಿನ ಕಡೆಗೆ. ಮದುವೆಯಾದ ಎರಡನೆಯ ವರ್ಷವೇ ಗಂಡ ಜ್ವರ ಬಂದು ತೀರಿಕೊಂಡ. ಮಕ್ಕಳಾಗಿರಲಿಲ್ಲ. ಅತ್ತೆ ಮನೆಯವರು ಕೆಟ್ಟವರೇನಲ್ಲ. ಆದರೆ ನನ್ನನ್ನು ಕಂಡಾಗಲೆಲ್ಲ ಅವರಿಗೆ ಮಗನ ನೆನಪಾಗುತ್ತಿತ್ತು, ಮುಖ ತಿರುಗಿಸಿಬಿಡುತ್ತಿದ್ದರು. ಒಂದು ದಿನ ಅಪ್ಪ ಗಾಡಿ ಕಟ್ಟಿಕೊಂಡು ಬಂದು, ಯಾರೊಂದಿಗೂ ಹೆಚ್ಚು ಮಾತಾಡದೆ ನನ್ನ ಪೆಟ್ಟಿಗೆಯನ್ನು ಗಾಡಿಗೆ ಹಾಕಿದ. ದಾರಿಯುದ್ದಕ್ಕೂ ಎತ್ತುಗಳಿಗೆ ಎರಡು ಮಾತು ಹೇಳಿದ್ದು ಬಿಟ್ಟರೆ ಬಾಯಿ ತೆರೆಯಲಿಲ್ಲ. ಅಪ್ಪ ಇದ್ದದ್ದೇ ಹಾಗೆ.

ನಮ್ಮೂರು ಮದ್ದೂರಿಗೆ ಹತ್ತಿರ, ನಾಲೆಯ ಪಕ್ಕದಲ್ಲಿ. ನಾನು ಚಿಕ್ಕವಳಾಗಿದ್ದಾಗ ಆ ಹೊಲಗಳಲ್ಲಿ ರಾಗಿ, ಹುರುಳಿ. ನೀರು ಬಂದ ಮೇಲೆ ಎಲ್ಲರೂ ಕಬ್ಬಿಗೆ ಬಿದ್ದರು. ಗಾಡಿ ಗಾಡಿ ಕಬ್ಬು ಮಂಡ್ಯದ ಕಾರ್ಖಾನೆಗೆ ಹೋಗುತ್ತಿತ್ತು. ನಮ್ಮೂರಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವನು ನಮ್ಮ ಅಣ್ಣ. ಅವನು ಓದಿದ್ದು ಕಲ್ಲು ಮಣ್ಣಿನ ಶಾಸ್ತ್ರ. ಊರಿನವರಿಗೆ ಅದು ನಗೆಯ ಮಾತಾಗಿತ್ತು. ಓದು ಮುಗಿದ ಮೇಲೆ ತಿರುಚಿನಾಪಳ್ಳಿಯ ಆಚೆಗೆ, ಸಿಮೆಂಟಿಗೆಂದು ಸುಣ್ಣಕಲ್ಲು ಹುಡುಕುವವರ ತಂಡದಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು.

ಎರಡನೆಯ ಮಹಾಯುದ್ಧ ಶುರುವಾದ ಕಾಲ. ಅಣ್ಣ ಮದ್ದೂರಿನಲ್ಲಿ ರೈಲಿಳಿದು ಬಂದ. ಅಪ್ಪ ಟ್ರಂಕು ಎತ್ತಲು ಹೋಗಿ ಒಂದು ಕ್ಷಣ ತಡೆದ.

"ಏನ್ಲಾ ಇದು, ಕಲ್ಲು ತುಂಬ್ಕ ಬಂದಿದ್ದೀಯ?"

"ಊಂ ಕಣಪ್ಪ, ಕಲ್ಲೇ," ಅಂದ ಅಣ್ಣ.

ರಜ ಹಾಕಿ ಬಂದಿದ್ದೇನೆ ಎಂದು ಹೇಳಿದ. ಹುಟ್ಟಿ ಬೆಳೆದ ಮನೆಯ ಹೊಸಿಲನ್ನು ಎಡವಿದ. ಅವ್ವ ಅದನ್ನು ನೋಡಿದಳು, ನಾನೂ ನೋಡಿದೆ. ದಣಿದಿದ್ದಾನೆ ಅಂದುಕೊಂಡೆವು.

ಮಾರನೆಯ ದಿನ ಬೆಳಿಗ್ಗೆ ಜಗುಲಿಯ ಮೇಲೆ ಕೂತು ಟ್ರಂಕಿನಿಂದ ಮೂರು ಬಟ್ಟೆ ಗಂಟು ತೆಗೆದ. ಒಂದು ಕೆಂಪು ಬಟ್ಟೆಯದು, ಒಂದು ಹಳೇ ಪಂಚೆಯದು, ಇನ್ನೊಂದು ಗೋಣಿಯದು. "ಒಂದ್ ಮೊರ ಕೊಡಮ್ಮಿ," ಅಂದ. ಕೆಂಪು ಗಂಟನ್ನು ಬಿಚ್ಚಿ ಮೊರದೊಳಕ್ಕೆ ಸುರಿದ. ಕಂದು, ಕಪ್ಪು, ಬೂದಿ ಬಣ್ಣದ ಚೂರುಗಳು. ಬೆರಳ ತುದಿಯಷ್ಟು ದೊಡ್ಡವು ಕೆಲವು, ಅವರೆಕಾಳಿನಷ್ಟಿದ್ದವೇ ಹೆಚ್ಚು. ಒಂದನ್ನು ಎತ್ತಿಕೊಂಡೆ. ಮೇಲ್ಭಾಗ ನುಣ್ಣಗೆ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಬುಡ ಒರಟಾಗಿ, ಎರಡು ಕಾಲು ಚಾಚಿದ ಹಾಗಿತ್ತು.

"ಅಲ್ಲಿನಂಗದೆ," ಅಂದೆ, ನನ್ನ ಹಲ್ಲನ್ನು ಮುಟ್ಟಿ ತೋರಿಸಿ.

"ಅಲ್ಲೇ. ಶಾರ್ಕ್ ಅಂತ ಕಡ್ಲ ಮೀನು. ತಮಿಳ್ನೋರು ಸುರಾ ಅಂತಾರೆ."

ಒಳಗಿನಿಂದ ಅವ್ವ ಕೇಳಿದಳು: "ನೀನಿದ್ದ ಕಡೆ ಕಡ್ಲಿತ್ತೇನ್ಲಾ?"

"ಒಂದ್ ಕಾಲ್ದಲ್ಲಿ ಇತ್ತು ಕಣವ್ವ. ಮನ್ಸ ಉಟ್ಟೋದ್ಕೂ ಎಷ್ಟೋ ಮುಂಚೆ. ಕಡ್ಲು ಇಂದಕ್ಕೋಯ್ತು, ಕೆಳಗಿನ ಮಣ್ಣು ಉಳೀತು. ಅಲ್ಲೂ ಕಲ್ಲಾಗಿ ಆ ಮಣ್ಣಲ್ಲೇ ಉಳ್ಕಂತು."

ಆಮೇಲೆ ಅವನು ಹೇಳಿದ್ದು: ಆ ಸೀಮೆಯಲ್ಲಿ ಮಳೆ ಬಂದು ಹಳ್ಳ ಹರಿದು ಇಳಿದ ಮಾರನೆಯ ದಿನ ಹೋಗಬೇಕು. ನೀರು ಜೇಡಿಯನ್ನು ಕೊಚ್ಚಿಕೊಂಡು ಹೋಗಿರುತ್ತದೆ, ಭಾರವಾದದ್ದು ಗರಸಿನ ಮೇಲೆ ಉಳಿದಿರುತ್ತದೆ. ಸೂರ್ಯ ಇನ್ನೂ ಮೇಲೇರದಾಗ ಬಗ್ಗಿ ನಡೆದರೆ ಅಲ್ಲೊಂದು ಇಲ್ಲೊಂದು ಮಿನುಗುತ್ತದೆ. ಸುಣ್ಣಕಲ್ಲು ಹುಡುಕುವ ಕೆಲಸದ ನಡುವೆ ಹಾಗೆ ಆಯ್ದದ್ದು ಇಷ್ಟೂ. ಮೂರು ಗಂಟು ಅಂದರೆ ಮೂರು ಹಳ್ಳ. ಒಂದರದ್ದು ಇನ್ನೊಂದಕ್ಕೆ ಸೇರಬಾರದು. "ಯಾವ ಅಳ್ಳದ್ದು ಅನ್ನೋದು ಕಳ್ದೋದ್ರೆ ಇದು ಬರೀ ಕಲ್ಲು ಕಣಮ್ಮಿ," ಅಂದ.

ಅವುಗಳನ್ನು ಜಾತಿವಾರು ಬೇರ್ಪಡಿಸಿ, ಚೀಟಿ ಬರೆದು, ತಾನು ಓದಿದ ಕಾಲೇಜಿಗೆ ಕೊಡಬೇಕು ಅನ್ನುವುದು ಅವನ ಆಸೆ. "ನೀನು ಓದ್ದವ್ಳು, ಕೈಬರಹ ಚೆನ್ನಾಗದೆ, ಕೂತ್ಕ," ಅಂದ. ನಾನು ಮಿಡ್ಲ್ ಸ್ಕೂಲಿನವರೆಗೆ ಓದಿದ್ದೆ. ಮನೆಯಲ್ಲಿ ನನಗೆ ಇದ್ದ ಕೆಲಸವೆಂದರೆ ಕೊಟ್ಟಿಗೆ, ಒಲೆ, ನೀರು. ಶುಭಕಾರ್ಯಗಳಿಗೆ ಯಾರೂ ಕರೆಯುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತು ಹೇಗೆ ಕಳೆಯುವುದೆಂದೇ ತಿಳಿಯುತ್ತಿರಲಿಲ್ಲ. ಕೂತೆ.

ಅವನು ನನ್ನನ್ನು ಯಾಕೆ ಕೂರಿಸಿಕೊಂಡ ಎಂದು ತಿಳಿಯಲು ಒಂದು ವಾರ ಬೇಕಾಯಿತು. ಹಲ್ಲನ್ನು ಕಣ್ಣಿನ ನೇರಕ್ಕೆ ಹಿಡಿದು, ಪಕ್ಕಕ್ಕೆ ಸರಿಸಿ, ಮತ್ತೆ ನೇರಕ್ಕೆ ತಂದು ಹುಡುಕುತ್ತಿದ್ದ. ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಅನ್ನುತ್ತಿದ್ದ. ಪಕ್ಕದಿಂದ ಬಂದವರು ಮಾತಾಡುವ ತನಕ ಅವನಿಗೆ ಗೊತ್ತಾಗುತ್ತಿರಲಿಲ್ಲ. ಒಂದು ದಿನ ನಾನೇ ಕೇಳಿದೆ. "ಕೊಳವೇಲಿ ನೋಡ್ದಂಗೆ ಕಾಣ್ತದೆ. ಕೊಳವೆ ದಿನಾ ಸಣ್ಣಾಗ್ತಾ ಅದೆ. ಅವ್ವಂಗೆ ಈಗ್ಲೇ ಯೋಳ್ಬೇಡ," ಅಂದ.

ಎಷ್ಟು ದಿನ ಮುಚ್ಚಿಡಲಾದೀತು? ಅಪ್ಪ ಅವನನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸಾಯುತ್ತಿದೆ, ಹೋದದ್ದು ಬರುವುದಿಲ್ಲ, ಇದ್ದದ್ದೂ ಉಳಿಯುವುದು ಅನುಮಾನ ಎಂದರಂತೆ ಡಾಕ್ಟರು. ಹನಿ ಹಾಕುವ ಔಷಧಿ ಕೊಟ್ಟರು. ಅಲ್ಲಿಂದ ಬಂದ ದಿನ ಅಪ್ಪ ಊಟ ಮಾಡದೆ ಗದ್ದೆಗೆ ಹೋಗಿ ಬದುವಿನ ಮೇಲೆ ಕೂತಿದ್ದ.

ಅಣ್ಣ ಮಾತ್ರ ಕೆಲಸವನ್ನು ಚುರುಕು ಮಾಡಿದ. ಕಣ್ಣಿರುವಷ್ಟರಲ್ಲಿ ನನಗೆ ಕಲಿಸಿಬಿಡಬೇಕು ಎಂಬ ಆತುರ. ಮೊದಲ ಪಾಠ ಬಣ್ಣದ್ದು. ನಾನು ಕಪ್ಪೆಲ್ಲ ಒಂದು ಕಡೆ, ಕಂದೆಲ್ಲ ಒಂದು ಕಡೆ ಗುಡ್ಡೆ ಮಾಡಿದ್ದೆ. "ಬಣ್ಣ ನೋಡಿ ಮೋಸೋಗ್ಬೇಡ. ಬಣ್ಣ ಮಣ್ಣು ಕೊಟ್ಟದ್ದು, ಆಕಾರ ಮೀನು ಕೊಟ್ಟದ್ದು," ಎಂದು ಎಲ್ಲವನ್ನೂ ಕಲೆಸಿಬಿಟ್ಟ. ಒಂದು ಮುಖ ಚಪ್ಪಟೆ, ಇನ್ನೊಂದು ಉಬ್ಬು. ಉಬ್ಬಿರುವುದು ಬಾಯೊಳಗಿನ ಕಡೆ. ಅಂಚು ನುಣುಪೋ, ಗರಗಸದ ಹಾಗೆ ಕಚ್ಚು ಕಚ್ಚೋ? ಪಕ್ಕದಲ್ಲಿ ಪುಟ್ಟ ಮರಿಹಲ್ಲು ಇದೆಯೋ, ಇದ್ದು ಮುರಿದ ಗುರುತಿದೆಯೋ? ಬುಡದ ಎರಡು ಕಾಲು ಅಗಲವೋ, ಇಕ್ಕಟ್ಟೋ? ಕಚ್ಚು ತೀರ ಸಣ್ಣದಾದರೆ ಕಣ್ಣಿಗಿಂತ ಉಗುರಿಗೆ ಬೇಗ ತಿಳಿಯುತ್ತದೆ. ಅಣ್ಣ ಕೆಲವನ್ನು ಕೆಳತುಟಿಯ ಮೇಲೆ ಎಳೆದು ನೋಡುತ್ತಿದ್ದ. ಅವ್ವ ಅದನ್ನು ಕಂಡು, "ಥೂ, ಸತ್ತದ್ರ ಅಲ್ಲುನ್ನ ಬಾಯಿಗಿಕ್ಕತೀಯಲ್ಲೋ," ಎಂದು ಕೂಗಿದಳು. ನಾನು ಬೇರೆ ಉಪಾಯ ಮಾಡಿಕೊಂಡೆ. ಹಲ್ಲಿನ ಅಂಚನ್ನು ನೂಲಿನೆಳೆಯ ಮೇಲೆ ಎಳೆದರೆ ನುಣುಪಿನದು ಜಾರುತ್ತದೆ, ಕಚ್ಚಿನದು ತಡೆಯುತ್ತದೆ.

ಅಣ್ಣ ಹೇಳುವ ಲ್ಯಾಟಿನ್ ಹೆಸರುಗಳು ನನ್ನ ನಾಲಿಗೆಗೆ ಹತ್ತುತ್ತಿರಲಿಲ್ಲ. ಸಪೂರವಾಗಿ ನೆಟ್ಟಗಿದ್ದುದಕ್ಕೆ ಸೂಜಿ ಅಂದೆ. ಅಗಲವಾಗಿ ಓರೆಯಾಗಿದ್ದುದಕ್ಕೆ ಕುಡುಗೋಲು. ಅಂಚಿನಲ್ಲಿ ಕಚ್ಚು ಇದ್ದುದಕ್ಕೆ ಗರಗಸ. ಚೂಪೇ ಇಲ್ಲದೆ ದುಂಡಗೆ, ಮೇಲೆ ಗೀರು ಗೀರಾಗಿದ್ದ ಕೆಲವಿದ್ದವು. ಚಿಪ್ಪನ್ನು ಅರೆದು ತಿನ್ನುವ ಮೀನಿನವು. ಅವು ಒರಳು. ಅಣ್ಣನೂ ನನ್ನ ಹೆಸರುಗಳನ್ನೇ ಹಿಡಿದ.

ಒಂದು ಸಲ ಶಿಂಷಾ ಹೊಳೆಗೆ ಬಟ್ಟೆ ಒಗೆಯಲು ಹೋದಾಗ ಮರಳಿನಲ್ಲಿ ಕಪ್ಪಗೆ, ಮುಮ್ಮೂಲೆಯಾಗಿ ಹೊಳೆಯುವ ಚೂರೊಂದು ಸಿಕ್ಕಿತು. ಒದ್ದೆ ಬಟ್ಟೆಯ ಗಂಟನ್ನು ಹೊತ್ತುಕೊಂಡೇ ಓಡಿಬಂದು ಅವನ ಅಂಗೈಯಲ್ಲಿಟ್ಟೆ. ಅವನು ಎರಡು ಬೆರಳಲ್ಲಿ ಒಮ್ಮೆ ತಿರುಗಿಸಿ ನಕ್ಕುಬಿಟ್ಟ. ಊರಿಗೆ ಬಂದ ಮೇಲೆ ಅವನು ಹಾಗೆ ನಕ್ಕದ್ದು ಅದೇ ಮೊದಲು.

"ಬರೀ ಕಲ್ಲು ಕಣಮ್ಮಿ. ನಮ್ಮೂರ ಬಂಡೆ ಮೀನು ಉಟ್ಟೋದ್ಕೂ ಮುಂಚಿಂದು. ಈ ಒಳೇಲಿ ನೀನು ಸಾಯೋಗಂಟ ಉಡುಕಿದ್ರೂ ಒಂದಲ್ಲು ಸಿಕ್ಕಾಕಿಲ್ಲ."

ಪೂರ್ತಿ ಕತ್ತಲಾದದ್ದು ಒಂದು ಮಳೆಗಾಲದ ಬೆಳಿಗ್ಗೆ. ನಾನು ಕಸ ಗುಡಿಸಿ, ಮೊರ ತಂದು ಜಗುಲಿಯಲ್ಲಿಟ್ಟು ಕೂತೆ. ಅಣ್ಣ ಕಂಬಕ್ಕೆ ಒರಗಿ ಕೂತಿದ್ದ. "ಇನ್ನೂ ಬೆಳಕರಿದಿಲ್ಲ, ಒಸಿ ತಡ್ದು ಸುರು ಮಾಡಾನ," ಅಂದ. ಬೀದಿಯಲ್ಲಿ ಬೆಳ್ಳನೆಯ ಬೆಳಕಿತ್ತು. ಎದುರು ಮನೆಯ ಗೋಡೆಯ ಮೇಲಿನ ಬೆರಣಿಯನ್ನು ಎಣಿಸಬಹುದಿತ್ತು. "ಊಂ ಅಣ್ಣ," ಅಂದು ಕೂತೇ ಇದ್ದೆ. ಸ್ವಲ್ಪ ಹೊತ್ತಿಗೆ ಊರ ದನಗಳೆಲ್ಲ ಮೇಯಲು ಹೊರಟವು, ಗಂಟೆಗಳ ಸದ್ದು ಮನೆ ಮುಂದೆ ಹಾದುಹೋಯಿತು. ಅಣ್ಣ ಕತ್ತೆತ್ತಿ ಆ ಸದ್ದು ದೂರವಾಗುವ ತನಕ ಕೇಳಿದ.

"ಬೆಳಕಾಗದೆ, ಅಲ್ವಾ?"

"ಆಗದೆ ಅಣ್ಣ."

ಅವನು ಕೈ ಚಾಚಿ ಮೊರದ ಅಂಚನ್ನು ಮುಟ್ಟಿ ನೋಡಿದ. ಆಮೇಲೆ, "ಎಲ್ಲಿಗ್ ಬಂದಿದ್ದೋ ನಿನ್ನೆ?" ಅಂದ. ಆ ದಿನವೂ ಕೆಲಸ ಮಾಡಿದೆವು. ಅಳಲು ನಾನು ಕೊಟ್ಟಿಗೆಗೆ ಹೋದೆ. ಅಲ್ಲಿ ಅವ್ವ ಆಗಲೇ ನಿಂತಿದ್ದಳು.

ಅಪ್ಪ ಸುಮ್ಮನಾಗಲಿಲ್ಲ. ದೇವರಿಗೆ ಹರಕೆ ಹೊತ್ತ. ನಾಟಿ ಔಷಧಿ ತಂದ. ಕೊನೆಗೆ ಯಾರೋ ಹೇಳಿದರೆಂದು ಮಳವಳ್ಳಿ ಕಡೆಗೆ ಕಣಿ ಕೇಳಲು ಹೋದ. ನೀರಿನ ಸೊತ್ತೊಂದು ಮನೆಯಲ್ಲಿ ಕೂತಿದೆ, ನೀರಿನದನ್ನು ನೀರಿಗೆ ಒಪ್ಪಿಸಿದರೆ ಬೆಳಕು ಬರುತ್ತದೆ ಎಂದು ಕಣಿ ಹೇಳುವವಳು ಹೇಳಿದಳಂತೆ. ಇದು ನಮಗೆ ತಿಳಿದದ್ದು ಆಮೇಲೆ. ಅಂದು ಸಂಜೆ ಅಪ್ಪ ಮನೆಗೆ ಬಂದವನೇ ಕಾಲನ್ನೂ ತೊಳೆಯದೆ ಒಳಗೆ ನುಗ್ಗಿ, ಟ್ರಂಕಿನಿಂದ ಕೈಗೆ ಸಿಕ್ಕಿದ ಗಂಟೊಂದನ್ನು ಎತ್ತಿಕೊಂಡು ಹೊರಟ. ಅದು ಗೋಣಿಯ ಗಂಟು. ಅದನ್ನು ನಾವಿನ್ನೂ ಬಿಚ್ಚಿರಲೇ ಇಲ್ಲ.

ನಾನು ಹಿಂದೆಯೇ ಓಡಿದೆ. "ಅಪ್ಪ, ಬ್ಯಾಡ ಅಪ್ಪ!" ಅಪ್ಪ ತಿರುಗಿ ನೋಡಲಿಲ್ಲ. ನಾಲೆ ತುಂಬಿ ಹರಿಯುತ್ತಿತ್ತು. ತೂಬಿನ ಪಕ್ಕದ ಕಟ್ಟೆಯ ಮೇಲೆ ನಿಂತು, ಗಂಟು ಬಿಚ್ಚಿ, ಎರಡೂ ಕೈಯಲ್ಲಿ ಬೀಜ ಎರಚುವ ಹಾಗೆ ನೀರಿಗೆ ಎರಚಿದ. ಕೈ ಮುಗಿದ. ತುಟಿ ಅಲುಗುತ್ತಿತ್ತು. ನಾನು ಅಪ್ಪನ ಮೇಲೆ ಕೋಪ ಮಾಡಿಕೊಳ್ಳಲು ಹೋದೆ. ಆ ಮುಖ ನೋಡಿ ಆಗಲಿಲ್ಲ.

ಮನೆಗೆ ಬರುವಷ್ಟರಲ್ಲಿ ಅಣ್ಣನಿಗೆ ಗೊತ್ತಾಗಿತ್ತು. ಅಪ್ಪ ಕಣಿ ಕೇಳಿ ಬಂದು ಗಂಟು ಎತ್ತಿಕೊಂಡು ನಾಲೆಯ ಕಡೆ ಹೋದದ್ದನ್ನು ಅವ್ವ ಹೇಳಿದ್ದಳು. ಅಪ್ಪ ಎದುರಿಗೆ ಬಂದು ನಿಂತಾಗ ಅವನು ದನಿ ಏರಿಸದೆ ಕೇಳಿದ: "ಅಪ್ಪ, ಒಂದ್ ಗಂಟು ಸಾಕಾ? ಇನ್ನೆರಡು ಬೇಕಾದ್ರೆ ತಕ್ಕಂಡೋಗು. ಎಲ್ಲಾ ಆಕುದ್ಮೇಲೂ ಕಣ್ಣು ಬರ್ಲಿಲ್ಲ ಅಂದ್ರೆ ನೀನು ಕೊರಗ್ಬಾರ್ದು, ಅಷ್ಟೇಯ."

ಅಪ್ಪ ಗೋಡೆ ಹಿಡಿದುಕೊಂಡು ಕೆಳಗೆ ಕೂತ. ಅವನು ಅತ್ತದ್ದನ್ನು ನಾನು ನೋಡಿದ್ದು ಆಗ ಮಾತ್ರ. ಮಿಕ್ಕ ಎರಡು ಗಂಟುಗಳನ್ನು ಅವನು ಮುಟ್ಟಲಿಲ್ಲ.

ಕಣ್ಣು ಬರಲಿಲ್ಲ. ಕಬ್ಬು ಕಡಿದದ್ದಾಯಿತು, ಗಾಡಿಗಳು ಮಂಡ್ಯಕ್ಕೆ ಹೋಗಿ ಬಂದವು, ಸಂಕ್ರಾಂತಿ ಕಳೆಯಿತು. ಬೇಸಿಗೆಯಲ್ಲಿ ನಾಲೆಯ ನೀರು ನಿಲ್ಲಿಸಿದರು. ನೀರು ಬತ್ತಿ, ತಳದ ಹೂಳು ಬಿರುಕು ಬಿಟ್ಟಿತು. ಒಂದು ದಿನ ಬೆಳಿಗ್ಗೆ ಅಪ್ಪ ಗುದ್ದಲಿ ಹೆಗಲಿಗಿಟ್ಟುಕೊಂಡು ಬಾಗಿಲಲ್ಲಿ ನಿಂತ.

"ಜರಡಿ ತಕ್ಕಂಡ್ ಬಾರವ್ವ."

"ಎಲ್ಲಿಗಪ್ಪ?"

ಅಪ್ಪ ಮುಂದೆ ನಡೆದ, ನಾನು ಹಿಂದೆ ಹೋದೆ. ಎಲ್ಲಿ ನಿಂತು ಎರಚಿದ್ದನೋ ಅಲ್ಲೇ ಇಳಿದ. ಹೂಳಿನ ಹೆಂಟೆ ತೆಗೆದು ಕೈಯಲ್ಲಿ ಪುಡಿ ಮಾಡಿ ಜರಡಿಗೆ ಹಾಕುವುದು, ನಾನು ತಳದ ಗುಂಡಿಯಲ್ಲಿ ನಿಂತಿದ್ದ ನೀರಿನಲ್ಲಿ ಅದನ್ನು ಆಡಿಸುವುದು. ಮೊದಲ ದಿನ ಬಸವನಹುಳುವಿನ ಚಿಪ್ಪು, ಗರಸು, ಮುರಿದ ಬಳೆಚೂರು. ನೋಡಿದವರು ಏನು ಹುಡುಕುತ್ತೀರಿ ಎಂದು ಕೇಳಿದರು. "ಮಗಂದು ಏನೋ ಬಿದ್ದೋಗದೆ," ಅಂದ ಅಪ್ಪ. ಎರಡನೆಯ ದಿನ ಇಳಿಬಿಸಿಲಿನಲ್ಲಿ ಜರಡಿಯಲ್ಲಿ ಒಂದು ಮಿನುಗಿತು. ತೊಳೆದು ಅಪ್ಪನ ಕೈಗೆ ಕೊಟ್ಟೆ. ಅದುವರೆಗೆ ಅವನು ಆ ಹಲ್ಲುಗಳನ್ನು ಸರಿಯಾಗಿ ನೋಡಿರಲೇ ಇಲ್ಲ.

"ಇದು ನಿಜ್ವಾಗ್ಲೂ ಅಲ್ಲೇನವ್ವ?"

"ಊಂ ಅಪ್ಪ. ಕುಡುಗೋಲು. ನೋಡು, ಈ ಕಡೆ ಮರಿ ಅಲ್ಲು."

ಅವನು ಅದನ್ನು ಹೆಬ್ಬೆರಳಿನಿಂದ ಒರೆಸಿ ಪಂಚೆಯ ಸೆರಗಿಗೆ ಕಟ್ಟಿಕೊಂಡ. ಆಮೇಲೆ ಸಿಕ್ಕುತ್ತಾ ಹೋದವು. ಬಟ್ಟೆ ಹೊಲಿಯುವ ಹಾಗೆ ಒಂದು ಕಡೆಯಿಂದ ಬಿಡದೆ ಹುಡುಕಿದೆವು. ನೀರು ಮತ್ತೆ ಬಿಡುವ ತನಕ, ಬಿಡುವಾದ ದಿನವೆಲ್ಲ ಹೋದೆವು. ಎಲ್ಲವೂ ಸಿಕ್ಕಲಿಲ್ಲ. ಅರ್ಧಕ್ಕಿಂತ ಹೆಚ್ಚು ಸಿಕ್ಕಿರಬೇಕು ಎಂದು ಅಣ್ಣ ಅಂದ. ಎರಚಿದ್ದು ಒಂದೇ ಹಳ್ಳದ ಗಂಟಾದ್ದರಿಂದ ಲೆಕ್ಕ ಕೆಡಲಿಲ್ಲ. ನಮ್ಮ ಸೀಮೆಯ ನೀರಿನಲ್ಲಿ ಎಂದೂ ಸಿಕ್ಕದ್ದನ್ನು ನಾನೂ ಅಪ್ಪನೂ ನೀರಿನಿಂದಲೇ ಆಯ್ದೆವು. ಅಪ್ಪ ಅವನ್ನು ಅಣ್ಣನ ಮಡಿಲಿಗೆ ಸುರಿದು, "ತಕ್ಕಳ್ಳಪ್ಪ," ಅಂದ.

ಕೆಲಸ ಸಾಗಿದಂತೆ ನನಗೊಂದು ಅನುಮಾನ ಹತ್ತಿತು. ಮೂರು ಹಳ್ಳದಲ್ಲೂ ಸೂಜಿ ಇದ್ದ ಕಡೆ ಕುಡುಗೋಲು ಇತ್ತು. ಎರಡಕ್ಕೂ ಅಂಚು ನುಣುಪು, ಎರಡಕ್ಕೂ ಮರಿಹಲ್ಲು, ಬುಡವೂ ಅಕ್ಕತಂಗಿಯರ ಹಾಗೆ. ನಡುವೆ ಸೂಜಿಯೋ ಕುಡುಗೋಲೋ ಎಂದು ಹೇಳಲಾಗದ ಕೆಲವು. ಪ್ರತಿ ಸಲ ಅವು ನನ್ನನ್ನು ಕಾಡುತ್ತಿದ್ದವು. ಅಣ್ಣನಿಗೆ ಹೇಳಿದೆ. ಅವನು ಒಂದು ಸೂಜಿ, ಒಂದು ಕುಡುಗೋಲು ಕೇಳಿ ತೆಗೆದುಕೊಂಡು ಉಗುರಿನಿಂದ ತಡವಿದ.

"ಒಂದೇ ಬಾಯಲ್ಲಿ ಎರಡೂ ಇರ್ಬೌದು. ಪುಸ್ತಕ್ದಲ್ಲಿ ಓದಿದ್ದೆ. ಆದ್ರೆ ನಾನು ಒಂದು ದವಡೆನೂ ಕಣ್ಣಾರೆ ನೋಡಿಲ್ಲ. ಒಂದು ಸಿಕ್ಕಿದ್ರೆ ಗೊತ್ತಾಗೋದು."

ಮದ್ದೂರು ಸಂತೆಗೆ ಒಣಮೀನು ಮಾರುವ ಸಾಬರೊಬ್ಬರು ಬರುತ್ತಿದ್ದರು. ಸರಕು ಕಡಲ ಕಡೆಯಿಂದ ಬರುತ್ತದೆಂದು ಗೊತ್ತಿತ್ತು. ಅಪ್ಪನೇ ಹೋಗಿ ಕೇಳಿದ. ಮೀನು ಬೇಡ, ಅದರ ಬಾಯಿ ಬೇಕು ಎಂದಾಗ ಅವರು ನಕ್ಕು, "ನಮ್ ಜಿಂದಗಿಯಲ್ಲಿ ಈ ಗಿರಾಕಿ ಬಂದಿರಲಿಲ್ಲ ಗೌಡರೇ," ಅಂದರಂತೆ. ವಿಷಯ ತಿಳಿದ ಮೇಲೆ ನಗಲಿಲ್ಲ. ಎಷ್ಟೋ ಸಂತೆಗಳಾದ ಮೇಲೆ ತೆಂಗಿನ ಗರಿಯಲ್ಲಿ ಸುತ್ತಿದ ಪೊಟ್ಟಣವೊಂದನ್ನು ತಂದುಕೊಟ್ಟರು. ಕೊಡುವಾಗ, "ಆ ಹುಡುಗನಿಗೆ ಅಲ್ಲಾ ಒಳ್ಳೇದು ಮಾಡಲಿ," ಅಂದರಂತೆ.

ವಾಸನೆಗೆ ಅವ್ವ ಅದನ್ನು ಒಳಗೆ ಬಿಡಲಿಲ್ಲ. ಹಿತ್ತಲಲ್ಲಿ ಕುದಿಯುವ ನೀರಿಗೆ ಹಾಕಿ, ಕೆರೆದು, ಒಣಗಿಸಿದೆವು. ಎರಡು ಬಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ ತೆರೆದ ಬಾಯಿ. ಹಲ್ಲುಗಳು ಸಾಲು ಸಾಲು. ಮುಂದಿನದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಸರದಿ ಕಾದು ಮಲಗಿದ್ದವು. ಬಿದ್ದರೆ ಇನ್ನೊಂದು ಮುಂದೆ ಬರುತ್ತದೆ, ಅದಕ್ಕೇ ಹಳ್ಳದಲ್ಲಿ ಅಷ್ಟೊಂದು ಸಿಕ್ಕುವುದು ಎಂದು ಅಣ್ಣ ಹೇಳಿದ. ನಾನು ಅವನ ಬೆರಳು ಹಿಡಿದು ಕೆಳದವಡೆಯ ಮಧ್ಯಕ್ಕೆ ತಂದೆ. ಸಪೂರ, ನೆಟ್ಟಗೆ. ಪಕ್ಕಕ್ಕೆ ಸರಿದಂತೆ ಓರೆ, ಮೇಲಿನದು ಅಗಲ. ಅವನ ಬೆರಳು ನನ್ನ ಕೈ ಬಿಟ್ಟು ತಾನಾಗಿ ಮುಂದುವರಿಯಿತು. ಒಂದು ತುದಿಯಿಂದ ಇನ್ನೊಂದು ತುದಿಗೆ, ಮತ್ತೆ ಹಿಂದಕ್ಕೆ. ಒಂದು ಕಡೆ ಚುಚ್ಚಿ ರಕ್ತ ಬಂತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ಒಂದೇ ಮೀನು ಕಣಮ್ಮಿ," ಅಂದ. "ನಾವು ಇಷ್ಟು ದಿನ ಒಂದು ಬಾಯ್ನ ಸೀಳಿ ಎರಡು ಗುಡ್ಡೆ ಮಾಡಿದ್ದೋ."

ಎರಡು ಮೊರಗಳಲ್ಲಿದ್ದುದನ್ನು ಮತ್ತೆ ಒಂದಕ್ಕೆ ಸುರಿದು ಮೊದಲಿನಿಂದ ಶುರು ಮಾಡಿದೆವು. ಈ ಸಲ ಬಾಯಿಯಲ್ಲಿ ಇರಬೇಕಾದ ಹಾಗೆ, ಮುಂದಿನದು ಮುಂದೆ, ಪಕ್ಕದ್ದು ಪಕ್ಕಕ್ಕೆ, ಜೇಡಿಮಣ್ಣಿನ ಹಲಗೆಯ ಮೇಲೆ ಒತ್ತಿ ಜೋಡಿಸಿದೆವು. ಅದಕ್ಕೇ ಇನ್ನೊಂದು ವರ್ಷ ಹಿಡಿಯಿತು. ನಡುವೆ ಅವನು ಕೆಲವು ವಾರ ಮಾತೇ ಬಿಟ್ಟು ಮೂಲೆಯಲ್ಲಿ ಮಲಗಿದ್ದೂ ಉಂಟು. ಆಗ ನಾನು ಒಬ್ಬಳೇ ಅವನಿಗೆ ಕೇಳುವ ಹಾಗೆ ಜೋರಾಗಿ ಹೇಳಿಕೊಂಡು ಕೆಲಸ ಮಾಡುತ್ತಿದ್ದೆ. "ಅಂಚು ನುಣುಪು, ಬಲಕ್ಕೆ ಓರೆ, ಮರಿ ಅಲ್ಲು ಮುರಿದದೆ." ಒಂದು ದಿನ ಮೂಲೆಯಿಂದ, "ಓರೆ ಬಲಕ್ಕೆ ಅಂದ್ರೆ ಉಬ್ಬು ಮ್ಯಾಕೋ ಕೆಳಕ್ಕೋ ಯೋಳಮ್ಮಿ," ಎಂದ. ಎದ್ದು ಬಂದು ಪಕ್ಕದಲ್ಲಿ ಕೂತ.

ಯುದ್ಧ ಮುಗಿದ ಮೇಲೆ ಅಣ್ಣ ನನ್ನ ಕೈಯಲ್ಲಿ ಕಾಲೇಜಿಗೆ ಕಾಗದ ಬರೆಸಿದ. ಅವನಿಗೆ ಪಾಠ ಹೇಳಿದ್ದ ಮೇಷ್ಟ್ರು ರೈಲಿನಲ್ಲಿ ಮದ್ದೂರಿಗೆ ಬಂದರು. ಅಪ್ಪ ಗಾಡಿಯಲ್ಲಿ ಕರೆತಂದ. ವಯಸ್ಸಾದವರು, ಕೋಟು, ಪೇಟ. ಅಣ್ಣನನ್ನು ನೋಡಿ ಅವನ ಭುಜ ಹಿಡಿದು ನಿಂತರು. ಆಮೇಲೆ ಜಗುಲಿಯಲ್ಲಿ ಕೂತು ಭೂತಗನ್ನಡಿ ತೆಗೆದು ಹಲಗೆ ಹಲಗೆಯನ್ನೂ ನೋಡಿದರು. ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ಅಣ್ಣ ಗೋಡೆಗೊರಗಿ ಕೂತು ಅವರ ಉಸಿರನ್ನು ಕೇಳುತ್ತಿದ್ದ.

ಕೊನೆಗೆ ಅವರು ಹೇಳಿದರು: ಬಾಯಿಯ ಜೋಡಣೆ ಬಹುಮಟ್ಟಿಗೆ ಸರಿ. ಆದರೆ ಚಿಕ್ಕ ಸೂಜಿಗಳಲ್ಲಿ ಕೆಲವು ಬೇರೆ ಮೀನಿನವು, ಒಳಮೈಯಲ್ಲಿ ಸಣ್ಣ ಗೆರೆಗಳಿವೆ, ಅವನ್ನು ತೆಗೆಯಬೇಕು. ಗರಗಸದಲ್ಲಿ ನಾವು ಎರಡು ಜಾತಿ ಅಂದದ್ದು ಒಂದೇ. ಒಂದು ಮರಿ, ಒಂದು ದೊಡ್ಡದು. ನನಗೆ ನಾಚಿಕೆಯಾಗಿ ತಲೆ ತಗ್ಗಿಸಿದೆ. ಅಣ್ಣನ ಮುಖ ಮಾತ್ರ ಅರಳಿತ್ತು.

"ಗೆರೆ ಎಲ್ಲಿವೆ ಸಾರ್, ತೋರಿಸಿ," ಎಂದು ಕೈ ಚಾಚಿದ. ಮೇಷ್ಟ್ರು ಅವನ ಉಗುರನ್ನು ಹಿಡಿದು ಗೆರೆಯ ಮೇಲೆ ಎಳೆದರು. ಇಬ್ಬರೂ ಸಂಜೆಯ ತನಕ ವಾದ ಮಾಡಿದರು. ತನ್ನನ್ನು ಕುರುಡನೆಂದು ಕನಿಕರಿಸದೆ, ತಪ್ಪನ್ನು ತಪ್ಪೆಂದು ಹೇಳುವವರು ಸಿಕ್ಕಿದ್ದು ಅವನಿಗೆ ಎಷ್ಟು ಬೇಕಾಗಿತ್ತೆಂದು ನನಗೆ ಅಂದು ತಿಳಿಯಿತು.

ಹಲಗೆಗಳು ಹುಲ್ಲಿನ ನಡುವೆ ಕೂತು ಗಾಡಿ ಹತ್ತಿದವು. ಮೇಷ್ಟ್ರು ಹೊರಡುವಾಗ ಅಪ್ಪನಿಗೆ, "ನಿಮ್ಮ ಮಗಳನ್ನು ಮುಂದೆ ಓದಿಸಿ. ಮಂಡ್ಯದಲ್ಲಿ ಹೆಣ್ಣುಮಕ್ಕಳಿಗೆ ಉಪಾಧ್ಯಾಯಿನಿ ತರಬೇತಿ ಇದೆ," ಅಂದರು. ಅಪ್ಪ ತಲೆಯಾಡಿಸಿದ. ಅದು ಹೌದೋ ಅಲ್ಲವೋ ತಿಳಿಯಲಿಲ್ಲ.

ಅವ್ವ ಒಪ್ಪಲಿಲ್ಲ. ಗಂಡ ಸತ್ತವಳು ಊರೂರು ತಿರುಗಿದರೆ ಜನ ಏನಂದಾರು ಎನ್ನುವುದು ಒಂದು. ಇನ್ನೊಂದನ್ನು ಅವಳು ಬಾಯಿಬಿಟ್ಟು ಕೇಳಿದಳು: "ಇವ್ಳು ಓಗ್ಬುಟ್ರೆ ಅವ್ನ ಗತಿ ಏನು? ಇವ್ಳೇ ಅಲ್ವಾ ಅವನ್ ಕಣ್ಣು?" ನನಗೂ ಅದೇ ಅನ್ನಿಸಿತ್ತು. ಹೋಗುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ.

ಅಣ್ಣ ಊಟದ ತಟ್ಟೆ ಪಕ್ಕಕ್ಕಿಟ್ಟ. "ನನ್ ಕಣ್ಣು ಓಗವೆ ಅಂತ ಅವ್ಳ ಕಣ್ಣ ಈ ಮನೇಲಿ ಕಟ್ಟಾಕ್ಬೇಡಿ. ನೋಡೋದು ಕಲ್ತವ್ಳೆ. ಒಸಿ ಬ್ಯಾರೆದೂ ನೋಡ್ಲಿ ಬುಡಿ."

ಅವ್ವ ಅಳುತ್ತಾ ಒಳಗೆ ಹೋದಳು. ಅಪ್ಪ ಎದ್ದು ಕೈ ತೊಳೆದು ಬಂದು, "ಸೋಮ್ವಾರ ಗಾಡಿ ಕಟ್ತೀನಿ," ಅಂದ.

ನಲವತ್ತೇಳರಲ್ಲಿ ನಾನು ಮಂಡ್ಯಕ್ಕೆ ಹೋದೆ. ಅಲ್ಲಿ ಮೊದಲ ತಿಂಗಳು ಬಹಳ ಕಷ್ಟವಾಯಿತು. ಪಾಠದ ನಡುವೆ ಅಣ್ಣನ ಊಟವಾಯಿತೋ, ಹಿತ್ತಲಿಗೆ ಯಾರು ಕರೆದುಕೊಂಡು ಹೋದರೋ ಎಂದು ಮನಸ್ಸು ಹರಿಯುತ್ತಿತ್ತು. ಮೊದಲ ರಜಕ್ಕೆ ಮದ್ದೂರಿನಲ್ಲಿ ರೈಲಿಳಿದು, ನಾಲೆಯ ಏರಿಯ ಮೇಲೆ ನಡೆದು ಬಂದೆ. ನಮ್ಮ ಗದ್ದೆಯ ಹತ್ತಿರ ಯಾರದೋ ಮಾತು ಕೇಳಿ ನಿಂತೆ. ಕಬ್ಬಿನ ಆಚೆ, ಬದುವಿನ ಮೇಲೆ ಅಪ್ಪ ಮುಂದೆ, ಅವನ ಹೆಗಲ ಮೇಲೆ ಕೈಯಿಟ್ಟು ಅಣ್ಣ ಹಿಂದೆ ನಡೆಯುತ್ತಿದ್ದರು. ಮಾತಾಡುತ್ತಿದ್ದವನು ಅಪ್ಪ.

"ಎಡ್ಗಡೆ ಪೈರು ಎದೆಮಟ ಬಂದದೆ ಕಣ್ಲಾ. ಅತ್ಲಾಗಿಂದು ಒಸಿ ಅಳದಿ ತಿರುಗದೆ, ನೀರು ನಿಂತದೆ ಕಾಣ್ತದೆ. ಮ್ಯಾಲೆ ಮೋಡ ಇಲ್ಲ. ಆ ಸೀಗೆ ಮೆಳೆ ತಾವ ಕೊಕ್ಕರೆ ಕುಂತವೆ, ಐದೋ ಆರೋ..."

"ಬಿಳೀವಾ?" ಅಂದ ಅಣ್ಣ.

"ಬಿಳೀವೇ. ಇರು, ಒಂದು ಬೂದಿ ಬಣ್ಣದ್ದೂ ಅದೆ."

ನಾನು ಕೂಗಿ ಕರೆಯಲಿಲ್ಲ. ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಅವರಿಬ್ಬರೂ ಬದುವಿನ ತುದಿ ಮುಟ್ಟಿ ಹಿಂದಿರುಗುವ ತನಕ ಏರಿಯ ಮೇಲೇ ನಿಂತಿದ್ದೆ.